ಮಗಳ ಬಾಣಂತನಕ್ಕೆ ಹೊರಟಿದ್ದೆವು, ವೀಸಾ ಏಜೆಂಟನನ್ನು ನಂಬಿ ಕೆಟ್ಟೆವು

ಉಡುಪಿ, ಮಂಗಳೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಅವರ ಬಳಿಗೆ ಹೊರಡುವ ಹಿರಿಯರು ದಯವಿಟ್ಟು ಇದನ್ನು ಓದಿ.

ನಮ್ಮ ಮಗಳು ಇರುವುದು ಜರ್ಮನಿಯಲ್ಲಿ. ಚೊಚ್ಚಲ ಹೆರಿಗೆ. ನನ್ನ ಹೆಂಡತಿ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಮಗುವಿಗೆಂದು ತುಂಡು ಮಾಡಿ ಮಡಚಿಟ್ಟಿದ್ದಳು. ಆದರೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಜರ್ಮನಿಗೆ ದಿನಾಂಕವೇ ಸಿಗುತ್ತಿರಲಿಲ್ಲ. ಹೆರಿಗೆಯ ದಿನ ಹತ್ತಿರವಾಗುತ್ತಿತ್ತು. ಪರಿಚಯದವರೊಬ್ಬರ ಮಾತು ಕೇಳಿ ಮಂಗಳೂರಿನ ಒಬ್ಬ ಏಜೆಂಟನ ಬಳಿಗೆ ಹೋದೆವು.

"ಮಂಡೆಬಿಸಿ ಮಾಡಬೇಡಿ ಮಾಸ್ಟ್ರೇ, ಅಮ್ಮನನ್ನು ಮಗಳ ಹತ್ತಿರ ತಲುಪಿಸುವ ಜವಾಬ್ದಾರಿ ನನ್ನದು" ಎಂದ. ಫ್ರಾನ್ಸಿಗೆ ದಿನಾಂಕ ಬೇಗ ಸಿಗುತ್ತದೆ, ಶೆಂಗೆನ್ ವೀಸಾ ಒಂದಿದ್ದರೆ ಯುರೋಪಿನ 29 ದೇಶಗಳಲ್ಲಿ ನಡೆಯುತ್ತದೆ, ಪ್ಯಾರಿಸಿನಲ್ಲಿ ಇಳಿದು ರೈಲು ಹತ್ತಿದರೆ ಮುಗಿಯಿತು ಎಂದು ವಿವರಿಸಿದ. 29 ದೇಶಗಳ ಮಾತು ನಿಜ. ಆದರೆ ಹೆಚ್ಚು ದಿನ ಎಲ್ಲಿ ಇರುತ್ತೇವೆಯೋ, ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವಿದೆ. ಅದನ್ನು ಅವನು ಹೇಳಲಿಲ್ಲ. ಅರ್ಧ ಸತ್ಯವನ್ನು ಮುಂದಿಟ್ಟು ಮಾತನಾಡುವವನನ್ನು ಗುರುತಿಸುವುದು ಕಷ್ಟ. ಪೂರ್ತಿ ಸುಳ್ಳಾಗಿದ್ದರೆ ನಾನು ಅಲ್ಲಿಂದಲೇ ಎದ್ದು ಬರುತ್ತಿದ್ದೆ.

ಇಬ್ಬರಿಗೆ 1,10,000 ರೂಪಾಯಿ ಕೇಳಿದ. ಅದರಲ್ಲಿ 30,000 ದಿನಾಂಕ ಕಾಯ್ದಿರಿಸುವುದಕ್ಕೆ. ಶೆಂಗೆನ್ ವೀಸಾದ ನಿಜವಾದ ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೊ, ಎಂದರೆ ಹತ್ತು ಸಾವಿರದ ಆಸುಪಾಸು. ಅದರ ಮೇಲೆ ಕೇಂದ್ರದ ಸೇವಾ ಶುಲ್ಕ, ಪ್ರಯಾಣ ವಿಮೆ. ಇದೆಲ್ಲವೂ ಕೇಂದ್ರದ ಜಾಲತಾಣದಲ್ಲಿಯೇ ಇತ್ತು, ನಾನು ನೋಡಲಿಲ್ಲ. ಮೊಬೈಲಿನಿಂದ ಅವನ ಸ್ವಂತ ಖಾತೆಗೆ ಹಣ ಹಾಕಿದೆ, ರಸೀದಿ ಕೇಳಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು: ಅವನು ಚಾಚಿದ ಖಾಲಿ ಅರ್ಜಿಗಳ ಕೊನೆಯಲ್ಲಿ ಇಬ್ಬರೂ ಸಹಿ ಹಾಕಿದೆವು.

ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದೆವು. ಅವನ ಹುಡುಗ ಕೇಂದ್ರದ ಹೊರಗೆ ಫೈಲು ಕೊಟ್ಟು, "ಬಿಚ್ಚಬೇಡಿ, ಕಾಗದಗಳ ಕ್ರಮ ತಪ್ಪುತ್ತದೆ" ಎಂದ. ಬಿಚ್ಚಲಿಲ್ಲ.

ಎರಡು ವಾರ ಕಳೆದು ಪಾಸ್‌ಪೋರ್ಟುಗಳು ಬಂದವು, ವೀಸಾ ಇರಲಿಲ್ಲ. ಜೊತೆಗಿದ್ದ ನಿರಾಕರಣೆ ಪತ್ರದಲ್ಲಿ, ಪ್ರವಾಸದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲರ್ಹವಲ್ಲ ಎಂಬ ಸಾಲಿಗೆ ಗುರುತು ಹಾಕಿದ್ದರು. ಏಜೆಂಟನ ಕಚೇರಿಯಲ್ಲಿ ಗಂಟೆಗಟ್ಟಲೆ ಕುಳಿತು ಫೈಲಿನ ನೆರಳಚ್ಚು ಪ್ರತಿ ಪಡೆದೆ. ಮಗಳ ಆಹ್ವಾನ ಪತ್ರವೇ ಅದರಲ್ಲಿರಲಿಲ್ಲ. ಪ್ರವಾಸಿಗರೆಂದು ಬರೆದು, ಪ್ಯಾರಿಸಿನ ಹೋಟೆಲೊಂದರಲ್ಲಿ ಹದಿನೈದು ರಾತ್ರಿ ತಂಗುವುದಾಗಿ ತೋರಿಸಿದ್ದ. ನನ್ನ ಪಿಂಚಣಿ ಖಾತೆಯ ವಿವರದಲ್ಲಿ ಆರು ಲಕ್ಷ ರೂಪಾಯಿ ಶಾಖೆಯಲ್ಲಿ ನಗದು ಜಮೆಯಾಗಿದೆ ಎಂಬ ಸಾಲೊಂದಿತ್ತು. ಅದರ ಅಂಕಿಗಳು ಉಳಿದ ಸಾಲುಗಳಿಗಿಂತ ತುಸು ದಪ್ಪ. ಕ್ಯಾಲೆಂಡರ್ ತೆಗೆದು ನೋಡಿದೆ, ಆ ದಿನ ಭಾನುವಾರ. ಕೆಳಗೆ ನನ್ನ ಸಹಿ! ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವನು ನಾನು. ಆ ಹಾಳೆ ಹಿಡಿದಾಗ ಕೈ ನಡುಗಿತು.

ಏಜೆಂಟನನ್ನು ಕೇಳಿದರೆ, ವೀಸಾ ಕೊಡುವುದು ಬಿಡುವುದು ಅವರ ಇಷ್ಟ ಎಂದ. ಆ ಮಾತೂ ನಿಜವೇ. ಹಾಗಿದ್ದರೆ ಮೊದಲ ದಿನ ಗ್ಯಾರಂಟಿ ಕೊಟ್ಟದ್ದು ಯಾವ ಬಾಯಿಯಿಂದ? ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ, ಹಣ ಬಂದಿಲ್ಲ. ಆನ್‌ಲೈನಿನಲ್ಲಿ ಹಣ ಕಳುಹಿಸಿ ಮೋಸಹೋಗಿದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾನು ಅವನ ಸಮಾಧಾನದ ಮಾತು ಕೇಳುತ್ತಾ ವಾರಗಳನ್ನು ಕಳೆದಿದ್ದೆ. ನಿರಾಕರಣೆಯ ದಾಖಲೆ ಶೆಂಗೆನ್ ದೇಶಗಳ ಗಣಕದಲ್ಲಿ ಐದು ವರ್ಷ ಉಳಿಯುತ್ತದೆ. ಉಳಿಯುವುದು ನಮ್ಮ ಹೆಸರಿನಲ್ಲಿ, ಏಜೆಂಟನ ಹೆಸರಿನಲ್ಲಲ್ಲ.

ನೀವು ಏಜೆಂಟರ ನೆರವು ಪಡೆಯುವುದಾದರೆ ಪಡೆಯಿರಿ, ಪ್ರಾಮಾಣಿಕರೂ ಇದ್ದಾರೆ. ಆದರೆ ತುಂಬಿದ ಅರ್ಜಿಯನ್ನು ಓದಿದ ಮೇಲೆಯೇ ಸಹಿ ಹಾಕಿ. ಇಂಗ್ಲಿಷ್ ತೊಡಕಾದರೆ ಮಕ್ಕಳಿಗೆ ಮೊಬೈಲಿನಲ್ಲಿ ಚಿತ್ರ ಕಳುಹಿಸಿ ಓದಿಸಿ. ಬ್ಯಾಂಕಿನ ಕಾಗದವನ್ನು ನೀವೇ ಶಾಖೆಯಿಂದ ತನ್ನಿ. ಫೈಲು ಬಿಚ್ಚಬೇಡಿ ಎಂದರೆ ಅಲ್ಲೇ ನಿಂತು ಬಿಚ್ಚಿ.

ಮಗಳು ಆಸ್ಪತ್ರೆ ಸೇರಿದ ರಾತ್ರಿ ನಾವು ಉಡುಪಿಯಲ್ಲಿ ಫೋನ್ ಹಿಡಿದು ಕುಳಿತಿದ್ದೆವು. ಆಮೇಲೆ ಅವಳು ಅಲ್ಲಿನ ವಿದೇಶಿಯರ ಕಚೇರಿಯಿಂದ, ನಮ್ಮ ಖರ್ಚೆಲ್ಲ ತನ್ನದೆಂಬ ಹೊಣೆಗಾರಿಕೆ ಪತ್ರ ಮಾಡಿಸಿ ಕಳುಹಿಸಿದಳು. ನಡೆದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು, ಈ ಸಲ ಜರ್ಮನಿಗೇ ಅರ್ಜಿ ಹಾಕಿದೆವು. ವೀಸಾ ಸಿಕ್ಕಿತು. ಹತ್ತಿ ಸೀರೆಯ ತುಂಡುಗಳನ್ನು ಹಿಡಿದು ನಾವು ಅಲ್ಲಿಗೆ ತಲುಪುವಾಗ ಮೊಮ್ಮಗಳು ಬೋರಲು ಬೀಳಲು ಕಲಿತಿದ್ದಳು.