ಮಳೆಗೆ ಮುನ್ನ ಬರೆಯಬೇಕಾದ ಸುದ್ದಿ: ವರದಿಗಾರರ ತರಬೇತಿ ಶಿಬಿರವೊಂದರ ವಿಮರ್ಶೆ

ಪ್ರಕೃತಿ ವಿಕೋಪದ ಅಪಾಯ ಹಾಗೂ ಅದರ ತಡೆಯ ಬಗ್ಗೆ ವರದಿ ಮಾಡುವುದನ್ನು ಕಲಿಸಲು ಜಿಲ್ಲಾ ಮತ್ತು ತಾಲ್ಲೂಕು ವರದಿಗಾರರಿಗೆ ಮಡಿಕೇರಿಯಲ್ಲಿ ಮಳೆಗಾಲಕ್ಕೆ ಮೊದಲು ಏರ್ಪಡಿಸಿದ್ದ ಶಿಬಿರದಲ್ಲಿ ಭಾಗವಹಿಸಿದ್ದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದದ್ದನ್ನು ಕಂಡ ಊರಿಗೆ ಇಂಥ ತರಬೇತಿಯ ಅಗತ್ಯ ಎಷ್ಟೆಂದು ವಿವರಿಸಬೇಕಾಗಿಲ್ಲ.

ಶಿಬಿರದ ಜೀವಾಳ ಬರವಣಿಗೆಯ ಅಭ್ಯಾಸ. ಹವಾಮಾನ ಇಲಾಖೆಯ ಹಳೆಯ ಮುನ್ಸೂಚನೆಯೊಂದನ್ನು ಕೈಗಿತ್ತು, ಅದರಿಂದ ಸುದ್ದಿ ಬರೆಯಲು ಹೇಳಿದರು. ಹಲವರ ಮೊದಲ ಸಾಲು 'ಜಿಲ್ಲೆಗೆ ಜಲಕಂಟಕ' ಎಂಬ ಧಾಟಿಯಲ್ಲೇ ಇತ್ತು. ತರಬೇತುದಾರರು ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಮೂರು ಪ್ರಶ್ನೆ ಬರೆದು ಹಾಳೆ ಹಿಂದಿರುಗಿಸಿದರು: ಯಾವ ಹೋಬಳಿಗೆ? ಎಷ್ಟು ಹೊತ್ತಿನವರೆಗೆ? ಓದಿದವರು ಈಗ ಏನು ಮಾಡಬೇಕು? ಒಂದು ದಿನದಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಸುರಿದರೆ ಮಾತ್ರ ಅದು ಇಲಾಖೆಯ ಲೆಕ್ಕದಲ್ಲಿ 'ಅತ್ಯಂತ ಭಾರಿ' ಎಂಬುದು ಗೊತ್ತಾದ ಮೇಲೆ, ಸಿಕ್ಕ ಸಿಕ್ಕ ಮಳೆಗೆಲ್ಲ ಆ ವಿಶೇಷಣ ಅಂಟಿಸಲು ಕೈ ಬಾರದು.

ಅಷ್ಟೇ ಉಪಯುಕ್ತವಾದದ್ದು ಕಾನೂನಿನ ಪಾಠ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅಪಾಯಕ್ಕೆ ಈಡಾಗಬಹುದಾದ ಪ್ರದೇಶಗಳು ಅದರಲ್ಲಿ ನಮೂದಾಗಬೇಕು, ವರ್ಷಕ್ಕೊಮ್ಮೆ ಪರಿಷ್ಕರಣೆ ಆಗಬೇಕು. ಏಪ್ರಿಲ್‌ನಲ್ಲೇ ಆ ಯೋಜನೆಯ ಪ್ರತಿ ಕೇಳಿ ಪಡೆದು, ಅದರಲ್ಲಿ ಹೆಸರಿಸಿದ ಕಾಳಜಿ ಕೇಂದ್ರದ (ಸಂತ್ರಸ್ತರಿಗೆ ತಾತ್ಕಾಲಿಕ ಆಶ್ರಯ ನೀಡುವ ಜಾಗದ) ಬೀಗ ತೆರೆದಿದೆಯೇ, ನೀರು ಬರುತ್ತದೆಯೇ ಎಂದು ಹೋಗಿ ನೋಡಿದರೆ ಅದೇ ಒಂದು ಪೂರ್ಣ ವರದಿ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಕುಸಿದ ಗುಡ್ಡದ ಉದಾಹರಣೆ ಕೊಟ್ಟು, ರಸ್ತೆಗಾಗಿ ಕಡಿದ ಇಳಿಜಾರುಗಳನ್ನು ಬೇಸಿಗೆಯಲ್ಲಿ ಗಮನಿಸುವ ಬಗೆಯನ್ನೂ ಹೇಳಿಕೊಟ್ಟರು.

ಕೊರತೆಗಳೂ ಸಣ್ಣವಲ್ಲ. ಉದ್ಘಾಟನಾ ಭಾಷಣಗಳು ಲಂಬಿಸಿ, ಕುಸಿತದ ಜಾಗಗಳ ಭೇಟಿ ಕೈಬಿಟ್ಟುಹೋಯಿತು. ಬಿರುಕು ಬಿಟ್ಟ ನೆಲವನ್ನು ಭೂವಿಜ್ಞಾನಿಯ ಜತೆ ನಿಂತು ನೋಡುವುದಕ್ಕೆ ಪರದೆಯ ಮೇಲಿನ ಚಿತ್ರ ಸಮನಲ್ಲ. ಮನೆಮಂದಿಯನ್ನು ಕಳೆದುಕೊಂಡವರನ್ನು ಮಾತನಾಡಿಸುವ ರೀತಿಯ ಬಗ್ಗೆ ಹೇಳಿದ್ದು ತೀರಾ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ತಲೆಬರಹ ಕೊಡುವ ಸುದ್ದಿ ಸಂಪಾದಕರು ಮತ್ತು ವಾಹಿನಿಗಳ ಡೆಸ್ಕ್‌ನವರು ಅಲ್ಲಿರಲಿಲ್ಲ. ತಾಲ್ಲೂಕಿನಿಂದ ಎಚ್ಚರಿಕೆಯಿಂದ ಬರೆದು ಕಳಿಸಿದ ಸುದ್ದಿ ಕಚೇರಿಯಲ್ಲಿ ಮತ್ತೆ 'ಜಲಕಂಟಕ'ವಾಗುವುದಾದರೆ ವರದಿಗಾರನೊಬ್ಬ ಕಲಿತು ಫಲವೇನು?

ಹೀಗಿದ್ದರೂ ಮಲೆನಾಡು, ಕರಾವಳಿಯ ವರದಿಗಾರರು ಇಂಥ ಶಿಬಿರವನ್ನು ತಪ್ಪಿಸಿಕೊಳ್ಳಬಾರದು. ಆಯೋಜಕರು ಮುಂದಿನ ಬಾರಿ ಮೊದಲ ಆಹ್ವಾನವನ್ನು ಡೆಸ್ಕ್‌ಗೆ ಕಳಿಸಲಿ, ಭಾಷಣಗಳನ್ನು ಕಡಿತಗೊಳಿಸಿ ಕ್ಷೇತ್ರ ಭೇಟಿಯನ್ನು ಬೆಳಿಗ್ಗೆಯೇ ಇಟ್ಟುಕೊಳ್ಳಲಿ.