ಜನಪದ ಲೋಕವೋ, ದಕ್ಷಿಣಚಿತ್ರವೋ?

ಮಕ್ಕಳಿಗೆ ಹಳೆಯ ಹಳ್ಳಿಯ ಬದುಕು ತೋರಿಸಬೇಕು ಅನ್ನುವ ಬೆಂಗಳೂರಿನವರಿಗೆ ಎರಡು ವಸ್ತುಸಂಗ್ರಹಾಲಯಗಳಿವೆ: ರಾಮನಗರದ ಜನಪದ ಲೋಕ, ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿರುವ ದಕ್ಷಿಣಚಿತ್ರ.

ದಕ್ಷಿಣಚಿತ್ರ 1996ರಲ್ಲಿ ಶುರುವಾಯಿತು. ಅಲ್ಲಿ ಮನೆಗಳೇ ಮುಖ್ಯ. ಹಲವು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಆ ಕಂಬ, ಬಾಗಿಲುಗಳ ಕೆಲಸ ನೋಡಲೇಬೇಕು. ಆದರೆ ಕೇರಳದ ಮನೆ ನೋಡಿ ಸ್ವಲ್ಪ ನಡೆದರೆ ಇಳಕಲ್ ನೇಕಾರರ ಮನೆ ಬರುತ್ತದೆ. ಮನೆ ತರಬಹುದು, ಅದರ ಕೇರಿಯನ್ನು ತರಲು ಆಗುವುದಿಲ್ಲ ಅಲ್ವಾ?

ಜನಪದ ಲೋಕದ ಜೀವ ಇರುವುದು ವಸ್ತುಗಳಲ್ಲಿ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ ಅದು. ಬೀಸುವ ಕಲ್ಲು, ನೇಗಿಲು, ತೊಗಲುಗೊಂಬೆ, ಯಕ್ಷಗಾನದ ವೇಷ ಎಲ್ಲ ಅಲ್ಲಿವೆ. ಕಟ್ಟಡ ಹೊಸದಾದರೇನು, ಒಳಗಿರುವುದು ಜನ ಬಳಸಿ ಸವೆಸಿದ್ದು. ಗಾಜಿನಾಚೆ ಸುಮ್ನೆ ಇಟ್ಟಿರುವುದು ಮಾತ್ರ ನನಗೆ ಬೇಸರ.

ಮನೆ ಕಟ್ಟುವ ಕಲೆ ಇಷ್ಟವಿದ್ದರೆ ಚೆನ್ನೈಗೆ ಹೋಗಿ. ಮಕ್ಕಳಿದ್ದರೆ ರಾಮನಗರವೇ ಮೊದಲು, ಮೈಸೂರು ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಅಷ್ಟೇ. ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಒನಕೆ ಹಿಡಿಯುವುದು ಹೇಗೆಂದು ಫಲಕಕ್ಕಿಂತ ಅವರೇ ಚೆನ್ನಾಗಿ ಹೇಳುತ್ತಾರೆ. ಎರಡೂ ಕಡೆ ಕಲಾವಿದರು ಇರುವ ದಿನ ಕೇಳಿಕೊಂಡು ಹೊರಡಿ.