ಮಗುವಿಗೆ ರಕ್ತದ ಕ್ಯಾನ್ಸರ್: ಕೊಡಗಿನಿಂದ ಎಲ್ಲಿಗೆ ಹೋಗಬೇಕು?

ಮಡಿಕೇರಿಯಲ್ಲಿ ರಕ್ತಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರೆ ಮನೆಯವರೆಲ್ಲ ಕಂಗಾಲು.

ಮೈಸೂರು ಸುಮಾರು 120 ಕಿ.ಮೀ. ಅಲ್ಲಿನ ಚೆಲುವಾಂಬ ತಾಯಿ-ಮಕ್ಕಳ ಆಸ್ಪತ್ರೆ; ತುರ್ತಿಗೆ ಹತ್ತಿರದ ಆಸರೆ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೂ ಮಕ್ಕಳ ವಿಭಾಗವಿದೆ, ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿ ನಂಬಿ ಹೊರಡುವಂತಿಲ್ಲ. 2018ರಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿತ್ತು.

ಬೆಂಗಳೂರು ದೂರ, ಸುಮಾರು 260 ಕಿ.ಮೀ. ಆದರೂ ಚಿಕಿತ್ಸೆ ಶುರುವಾಗುವುದು ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೇ ಆಗಲಿ ಅನ್ನುತ್ತೇನೆ. ಮೊದಲ ತಿಂಗಳ ಕೀಮೋ, ಅಂದರೆ ಕ್ಯಾನ್ಸರ್ ಕಣ ಕೊಲ್ಲುವ ಔಷಧಿ, ಬಹಳ ನಾಜೂಕು. ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ಬೇಗ ತಗಲುತ್ತದೆ. ಪುಟ್ಟ ಕೈಗೆ ಪ್ಲಾಸ್ಟರ್ ಅಂಟಿಸಿದ ಸೂಜಿ ಹಾಗೇ ಇರುವಾಗ ಸಂಜೆ ಜ್ವರದಿಂದ ಮೈ ಸುಟ್ಟರೆ, ಬೆಳಗಿನವರೆಗೆ ಕಾಯುವಂತಿಲ್ಲ. ಅದಕ್ಕೇ ಆಸ್ಪತ್ರೆ ಪಕ್ಕದಲ್ಲೇ ರೂಮು ಹಿಡಿಯಿರಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಬಗೆಯ ರಕ್ತದ ಕ್ಯಾನ್ಸರ್‌ಗೆ ಎರಡು-ಎರಡೂವರೆ ವರ್ಷ ಚಿಕಿತ್ಸೆ ಬೇಕು. ಕೊನೆಯ ಮಾತ್ರೆಗಳ ಹಂತದಲ್ಲಿ ರಕ್ತಪರೀಕ್ಷೆ ಮಡಿಕೇರಿಯಲ್ಲೇ ಆಗಬಹುದಾ ಅಂತ ಮೊದಲೇ ಕೇಳಿ. ಎಷ್ಟೋ ಬಸ್ ಪ್ರಯಾಣ ಉಳಿಯುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಸಂಶೋಧನೆಗೆ ಸೇರುತ್ತೀರಾ ಅಂತಲೂ ಕೇಳಬಹುದು. ಹೆದರಬೇಡಿ. ನಿಮ್ಮ ಲಿಖಿತ ಒಪ್ಪಿಗೆ ಬೇಕೇ ಬೇಕು, ಏಳು ದಾಟಿದ ಮಗುವನ್ನೂ ಕೇಳಬೇಕು. ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಹೊರಡುವ ಮುನ್ನ ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಒಂದೇ ಚೀಲದಲ್ಲಿಡಿ.